ಲೇಹ್ಯವು ದ್ರವವೋ, ಘನವೋ?

ತಿನ್ನುವ ಪದಾರ್ಥಗಳನ್ನು ನಮ್ಮ ಹಿರಿಯರು ಭಕ್ಷ್ಯ, ಭೋಜ್ಯ, ಲೇಹ್ಯ, ಚೋಷ್ಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿಟ್ಟರು. ಕಡಿದು ತಿನ್ನತಕ್ಕದ್ದು, ಉಣ್ಣತಕ್ಕದ್ದು, ನೆಕ್ಕತಕ್ಕದ್ದು, ಚೀಪತಕ್ಕದ್ದು. ಕುಡಿಯತಕ್ಕದ್ದನ್ನು ಪೇಯವೆಂದು ಬೇರೆಯಾಗಿ ಎಣಿಸಿದವರೂ ಉಂಟು. ಮದುವೆಯ ಪಂಕ್ತಿಯಲ್ಲಿ ಎಲೆಯ ತುದಿಯಿಂದ ತುದಿಗೆ ಕೈಯಾಡಿಸುವಾಗ ಈ ವಿಂಗಡಣೆಯ ಸೊಗಸು ಮನಸ್ಸಿಗೆ ಬರುತ್ತದೆಯೇ ಹೊರತು ಅದರ ಉಪಯೋಗ ತಿಳಿಯುವುದಿಲ್ಲ. ನನಗೆ ಅದು ತಿಳಿದದ್ದು 63ನೆಯ ವಯಸ್ಸಿನಲ್ಲಿ, ಪರದೇಶದ ವಿಮಾನ ನಿಲ್ದಾಣವೊಂದರ ಝಡತಿಯ ಮೇಜಿನ ಮುಂದೆ, ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಿಂತಿದ್ದಾಗ.

ಸಂಗತಿ 2023ನೆಯ ಇಸವಿಯ ಅಕ್ಟೋಬರ್ ತಿಂಗಳಿನದು. ನಮ್ಮ ಮಗಳು ಅಮೆರಿಕದ ಡಾಲಸ್ ನಗರದಲ್ಲಿದ್ದಾಳೆ. ಅವಳಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆಂದು ನನ್ನಾಕೆಯೂ, ಪೆಟ್ಟಿಗೆ ಹೊರುವುದಕ್ಕೆಂದು ನಾನೂ ಹೊರಟೆವು. ಈಚಿನ ವರ್ಷಗಳಲ್ಲಿ ನಮ್ಮ ಬಡಾವಣೆಯ ಯಾವ ಬೀದಿಯಲ್ಲಿ ನೋಡಿದರೂ ಹೀಗೆ ಹೊರಡುವ ದಂಪತಿಗಳು ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರಾದ್ದರಿಂದ ಪ್ರಯಾಣದ ಸಿದ್ಧತೆಯನ್ನು ವರ್ಣಿಸುವ ಅಗತ್ಯವಿಲ್ಲ. ಅಂಟಿನುಂಡೆ, ಮೆಂತ್ಯದ ಹಿಟ್ಟು, ಕೂಸಿಗೆ ಹಳೆಯ ಪಂಚೆಯ ಬಟ್ಟೆ, ಇವೆಲ್ಲವೂ ದೊಡ್ಡ ಪೆಟ್ಟಿಗೆ ಸೇರಿದವು. ಸೇರದೆ ಉಳಿದದ್ದು ಒಂದೇ ಒಂದು: ನಮ್ಮ ಅತ್ತೆಯವರು ಕಾಸಿ ಕೊಟ್ಟ ಬಾಣಂತಿ ಲೇಹ್ಯ.

ಅತ್ತೆಯವರಿಗೆ ಆಗ 84 ವರ್ಷ. ಒಣಶುಂಠಿ, ಹಿಪ್ಪಲಿ, ಓಮ, ಜೀರಿಗೆ, ಮೆಣಸು, ಜಾಯಿಕಾಯಿ ಎಲ್ಲವನ್ನೂ ತಾವೇ ಹುರಿದು, ಕುಟ್ಟಿಸಿ, ಜರಡಿ ಹಿಡಿದು, ಬೆಲ್ಲದ ಪಾಕಕ್ಕೆ ಹಾಕಿ, ತುಪ್ಪ ಬಿಡುವವರೆಗೂ ಒಲೆಯ ಮುಂದಿನಿಂದ ಏಳಲಿಲ್ಲ. ಎರಡು ದಿನದ ಕೆಲಸ. ಕೊನೆಗೆ ಸೌಟನ್ನು ಕೆಳಗಿಟ್ಟು, “ಮೂವರು ಹೆಣ್ಣುಮಕ್ಕಳಿಗೆ ಮಾಡಿದೆ, ಸೊಸೆಗೆ ಮಾಡಿದೆ, ಮೊಮ್ಮಗಳಿಗೂ ಮಾಡಿದ ಹಾಗಾಯಿತು. ಇನ್ನು ಈ ಕೈಯಲ್ಲಿ ಆಗುವುದಿಲ್ಲ ಕಣಮ್ಮ, ಇದೇ ಕಡೆಯದು” ಎಂದರು. ಆ ಮಾತು ಕೇಳಿದ ಮೇಲೆ ನನ್ನಾಕೆ ಲೇಹ್ಯದ ಭರಣಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕಲು ಒಪ್ಪಲಿಲ್ಲ. “ಪೆಟ್ಟಿಗೆ ಇನ್ಯಾವುದೋ ದೇಶಕ್ಕೆ ಹೋದರೆ ಏನು ಮಾಡ್ತೀರಿ? ಸೀರೆ ಹೋದರೆ ಹೋಗಲಿ, ಇದು ನನ್ನ ಕೈಯಲ್ಲೇ ಇರಲಿ” ಎಂದಳು. ಮುಕ್ಕಾಲು ಕಿಲೋ ಲೇಹ್ಯ ಹಿಡಿಸಿದ ಅಗಲ ಬಾಯಿಯ ಭರಣಿ ಹೀಗೆ ಕೈಚೀಲ ಸೇರಿತು.

ನಮ್ಮೂರಿನ ನಿಲ್ದಾಣದಲ್ಲಿ ಮೊದಲು ಸಿಕ್ಕಿಬಿದ್ದವನು ನಾನು. ಕೈಚೀಲದ ಒಂದು ಮೂಲೆಯಲ್ಲಿ ನಮ್ಮ ತಂದೆಯವರ ಕಾಲದ ಪುಟ್ಟ ಅಡಕತ್ತರಿ ಉಳಿದುಹೋಗಿತ್ತು. ಅದರ ಅಲಗು ನನ್ನ ಹೆಬ್ಬೆರಳಿಗಿಂತ ಗಿಡ್ಡ. ಗಟ್ಟಿ ಅಡಕೆಯನ್ನೇ ಅದು ಎರಡು ಸಲ ಕೇಳಿಸಿಕೊಂಡು ಕತ್ತರಿಸುತ್ತಿತ್ತು. ಅದು ಆಯುಧವೆಂದು ತೀರ್ಮಾನವಾಗಿ, ನೂರಾರು ಉಗುರು ಕತ್ತರಿಗಳೂ ಬೆಂಕಿಪೆಟ್ಟಿಗೆಗಳೂ ಬಿದ್ದಿದ್ದ ತೊಟ್ಟಿಗೆ ಬಿದ್ದಿತು. ಆಮೇಲೆ ಭರಣಿಯ ಸರದಿ. ಉತ್ತರದ ಕಡೆಯ ಹೆಣ್ಣುಮಗಳೊಬ್ಬಳು ಸಮವಸ್ತ್ರದಲ್ಲಿ ನಿಂತಿದ್ದಳು. ಮುಚ್ಚಳ ತೆರೆದು ಮೂಸಿ ನೋಡಿದಳು. ಅವಳ ಮುಖದ ಬಿಗುವು ಸಡಿಲಿತು. “ಮಗಳಿಗೆ ಮಗುವೇ?” ಎಂದು ಹಿಂದಿಯಲ್ಲಿ ಕೇಳಿದಳು. ತಮ್ಮ ಊರಿನಲ್ಲಿಯೂ ಸೋಂಠು, ಬೆಲ್ಲ, ತುಪ್ಪ ಹಾಕಿ ಇಂಥದೇ ಮಾಡುತ್ತಾರೆಂದು ಹೇಳಿ, ಮುಚ್ಚಳವನ್ನು ತಾನೇ ಭದ್ರವಾಗಿ ತಿರುಗಿಸಿ ಕೊಟ್ಟಳು. ಅಡಕತ್ತರಿಯನ್ನು ಕಳೆದುಕೊಂಡವನು ಲೇಹ್ಯವನ್ನು ಉಳಿಸಿಕೊಂಡವಳ ಹಿಂದೆ ನಡೆದೆ. ನಿಯಮದ ಪ್ರಕಾರ ಅವಳು ಬಿಟ್ಟದ್ದು ಸರಿಯಲ್ಲವೆಂದು ನನಗೆ ತಿಳಿದದ್ದು ಒಂಬತ್ತು ಗಂಟೆಗಳ ಅನಂತರ.

ಆ ಭಾಗವನ್ನು ಹೇಳುವ ಮೊದಲು ಈ ನಿಯಮಗಳ ವಂಶಾವಳಿಯನ್ನು ಸ್ವಲ್ಪ ಹೇಳಬೇಕು. ಹಿಂದಿರುಗಿ ಬಂದ ಮೇಲೆ ಹೊಟ್ಟೆಯುರಿಯಿಂದ ನಾನು ಓದಿಕೊಂಡದ್ದು ಇದು. ಓದಿದ ಮೇಲೆ ಉರಿ ಅರ್ಧ ತಣ್ಣಗಾಯಿತು, ಅರ್ಧ ಹೆಚ್ಚಾಯಿತು.

ಮೇಲುನೋಟಕ್ಕೆ ಇಡೀ ಲೋಕಕ್ಕೆ ಒಂದೇ ನಿಯಮವಿರಬೇಕೆಂದು ನಮಗೆ ತೋರುತ್ತದೆ. ವಿಮಾನ ಒಂದೇ, ಆಕಾಶ ಒಂದೇ. ಆದರೆ ಮಾಂಟ್ರಿಯಲ್ ನಗರದಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1974ರಲ್ಲಿ ಅಂಗೀಕರಿಸಿದ ‘ಹದಿನೇಳನೆಯ ಅನುಬಂಧ’ವು ಭದ್ರತೆಗೆ ಕನಿಷ್ಠ ಮಟ್ಟವನ್ನು ಮಾತ್ರ ವಿಧಿಸುತ್ತದೆ. ಅದರ ಮೇಲೆ ಎಷ್ಟು ಬಿಗಿ ಮಾಡಬೇಕೆಂಬುದು ಆಯಾ ದೇಶದ ಇಚ್ಛೆ. ನಮ್ಮಲ್ಲಿ ಆ ಹೊಣೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ್ದು. ಅದು 1978ರಲ್ಲಿ ಚಿಕ್ಕದೊಂದು ಘಟಕವಾಗಿ ಹುಟ್ಟಿ, 1985ರ ಜೂನ್ 23ರಂದು ‘ಕನಿಷ್ಕ’ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಮಡಿದ ಮೇಲೆ, 1987ರಲ್ಲಿ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟ ನಮ್ಮ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿಕೊಂಡು ಹೋದ ಮೇಲೆ, 2000ದಲ್ಲಿ ಜಯಪುರದಿಂದ ಮೊದಲುಗೊಂಡು ನಿಲ್ದಾಣಗಳ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂದಿತು. ಒಂದೊಂದು ವ್ಯವಸ್ಥೆಯ ಹಿಂದೆಯೂ ಒಂದೊಂದು ದುರಂತ. ಮನೆಯಲ್ಲಿ ಕಳ್ಳತನವಾದ ಮೇಲೆ ಅದೇ ಕಿಟಕಿಗೆ ಸರಳು ಹಾಕಿಸುವ ಗೃಹಸ್ಥನಂತೆ ಸರ್ಕಾರಗಳು ನಡೆದುಕೊಂಡಿವೆ. ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಕಿಟಕಿಯಿಂದ ಕಳ್ಳರು ನುಗ್ಗಿರುವುದರಿಂದ ಸರಳುಗಳೂ ಬೇರೆ ಬೇರೆ.

ದ್ರವದ ಕಥೆಯನ್ನೇ ನೋಡಿ. 1987ರ ನವೆಂಬರಿನಲ್ಲಿ ಕೊರಿಯಾದ ವಿಮಾನವೊಂದನ್ನು ಸ್ಫೋಟಿಸಿ 115 ಜನರನ್ನು ಕೊಂದವರು ಮದ್ಯದ ಸೀಸೆಯಲ್ಲಿ ದ್ರವರೂಪದ ಸಿಡಿಮದ್ದನ್ನು ಇಟ್ಟಿದ್ದರು. 1994ರ ಡಿಸೆಂಬರಿನಲ್ಲಿ ಫಿಲಿಪ್ಪೀನಿನ ವಿಮಾನವೊಂದರಲ್ಲಿ ಆಸನದ ಕೆಳಗೆ ಅಡಗಿಸಿಟ್ಟಿದ್ದ ದ್ರವದ ಬಾಂಬು ಸಿಡಿದು ಒಬ್ಬ ಪ್ರಯಾಣಿಕ ಸತ್ತ. ಆಗ ಯಾರೂ ಪ್ರಯಾಣಿಕರ ಸೀಸೆಗಳನ್ನು ಅಳೆಯಲಿಲ್ಲ. 2006ರ ಆಗಸ್ಟ್ 10ರಂದು, ತಂಪು ಪಾನೀಯದ ಸೀಸೆಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಮದ್ದನ್ನು ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉರುಳಿಸುವ ಸಂಚನ್ನು ಬ್ರಿಟಿಷ್ ಪೊಲೀಸರು ಬಯಲು ಮಾಡಿದರು. ಒಂದೇ ರಾತ್ರಿಯಲ್ಲಿ ದ್ರವವೆಲ್ಲ ನಿಷಿದ್ಧವಾಯಿತು. ಕೆಲವು ವಾರಗಳ ಅನಂತರ ರಾಜಿ ಸೂತ್ರ ಬಂದಿತು: ಒಂದೊಂದು ಪಾತ್ರೆಗೆ 100 ಮಿಲಿಲೀಟರು, ಅಂಥವೆಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ. ಅಮೆರಿಕದಲ್ಲಿ ಸೆಪ್ಟೆಂಬರಿನಿಂದ, ಐರೋಪ್ಯ ಒಕ್ಕೂಟದಲ್ಲಿ ನವೆಂಬರಿನಿಂದ ಜಾರಿ.

ಈ ಸೂತ್ರಕ್ಕೆ ಕಾರಣವಿಲ್ಲವೆಂದು ಹೇಳಲಾರೆ. ಹಳೆಯ ಕ್ಷ-ಕಿರಣ ಯಂತ್ರದಲ್ಲಿ ಚೀಲದ ಒಳಗಿನದೆಲ್ಲ ಒಂದರ ಮೇಲೊಂದು ಬಿದ್ದ ನೆರಳಿನಂತೆ ಕಾಣುತ್ತದೆ. ಅದರಲ್ಲಿ ನೀರು ಯಾವುದು, ಪೆರಾಕ್ಸೈಡ್ ಯಾವುದು ಎಂದು ವಿಂಗಡಿಸುವುದು ಕಷ್ಟ. ಗೊತ್ತಾಗದಿದ್ದಮೇಲೆ ಪ್ರಮಾಣವನ್ನಾದರೂ ತಗ್ಗಿಸೋಣವೆಂಬುದು ಯುಕ್ತಿ. ಒಪ್ಪೋಣ. ಆದರೆ ಅಳೆಯುವುದು ಒಳಗಿನ ಪದಾರ್ಥವನ್ನಲ್ಲ, ಪಾತ್ರೆಯನ್ನು! ಇನ್ನೂರು ಮಿಲಿಲೀಟರಿನ ಕೊಳವೆಯಲ್ಲಿ ತಳದಲ್ಲಿ ಒಂದು ಬೆರಳಿನಷ್ಟು ಹಲ್ಲುಜ್ಜುವ ಪೇಸ್ಟು ಉಳಿದಿದ್ದರೂ ಅದು ನಿಷಿದ್ಧ. ನೂರರ ಹತ್ತು ಸೀಸೆಗಳನ್ನು ತುಂಬಿ ತಂದರೆ, ಚೀಲದ ಬಾಯಿ ಮುಚ್ಚುವುದಾದರೆ, ವಿಹಿತ. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದರೆ ನಾಲ್ಕು ಚೀಲ. ನಮ್ಮ ಓಣಿಯ ಮೂರನೆಯ ತರಗತಿಯ ಹುಡುಗ ಕೂಡ ಈ ಲೆಕ್ಕವನ್ನು ಮಾಡಬಲ್ಲ.

ಇನ್ನು ದ್ರವವೆಂದರೆ ಯಾವುದು? ಸುರಿಯುವುದು, ಸವರುವುದು, ಚಿಮ್ಮಿಸುವುದು ಎಲ್ಲವೂ ದ್ರವವೇ ಎಂದು ಅಮೆರಿಕದವರ ಮತ. ಕಡಲೆಕಾಯಿಯ ಬೆಣ್ಣೆ ಅವರಿಗೆ ದ್ರವ. ಗಟ್ಟಿ ಚೀಸು ಘನ, ಮೆತ್ತನೆಯ ಚೀಸು ದ್ರವ. ಹೆಪ್ಪುಗಟ್ಟಿ ಕಲ್ಲಿನಂತಾಗಿದ್ದರೆ ನೀರೂ ಘನವೇ, ತಡೆಯಿಲ್ಲ. ಮೇಜಿನ ಮುಂದೆ ಬರುವ ಹೊತ್ತಿಗೆ ಅಂಚು ಕರಗಿ ತಳದಲ್ಲಿ ಪಸೆ ಕಾಣಿಸಿತೋ, ದ್ರವ! ಹೀಗಾದರೆ ನಮ್ಮ ತುಪ್ಪದ ಗತಿಯೇನು? ಮಾಘ ಮಾಸದಲ್ಲಿ ಅದು ಘನ, ವೈಶಾಖದಲ್ಲಿ ದ್ರವ. ಸಾಲು ಉದ್ದವಾಗಿದ್ದರೆ ಸಾಲಿನ ಆ ತುದಿಯಲ್ಲಿ ಘನ, ಈ ತುದಿಯಲ್ಲಿ ದ್ರವ.

ಅಳತೆಯ ಪಾವಿತ್ರ್ಯವಾದರೂ ಉಳಿಯಿತೇ ಎಂದರೆ ಅದೂ ಇಲ್ಲ. 2020ರ ಮಾರ್ಚಿನಲ್ಲಿ ಮಹಾಮಾರಿ ಬಂದಾಗ ಅಮೆರಿಕದವರು ಕೈಶುದ್ಧಿಯ ದ್ರವವನ್ನು ಒಬ್ಬೊಬ್ಬರು 12 ಔನ್ಸಿನಷ್ಟು, ಎಂದರೆ 350 ಮಿಲಿಲೀಟರಿಗೂ ಮಿಗಿಲಾಗಿ, ಕೈಯಲ್ಲಿ ಒಯ್ಯಬಹುದೆಂದರು. ಆ ದ್ರವದ ಹೆಚ್ಚಿನ ಭಾಗ ಆಲ್ಕೊಹಾಲು. ಕಿಡಿ ತಗುಲಿದರೆ ಹೊತ್ತಿಕೊಳ್ಳುವಂಥದು. ಸಂದರ್ಭದಲ್ಲಿ ಅದು ಬೇಕೇ ಆಗಿತ್ತು, ತಪ್ಪೆನ್ನುವುದಿಲ್ಲ. ಆದರೆ ಅದೇ ಮೇಜಿನ ಮುಂದೆ, ಅದೇ ದಿನ, ನೀರಿನ ಸೀಸೆಯನ್ನು ತೊಟ್ಟಿಗೆ ಹಾಕಿ ಮುಂದೆ ನಡೆದವನ ಮನಸ್ಸಿನಲ್ಲಿ ಏನು ಹೊಳೆದಿರಬಹುದು?

ಯಂತ್ರ ಸುಧಾರಿಸಿದರೆ ನಿಯಮ ಸುಧಾರಿಸಬೇಕಷ್ಟೆ. ಆಸ್ಪತ್ರೆಯಲ್ಲಿ ತಲೆಯೊಳಗನ್ನು ನೋಡುವ ಸಿ.ಟಿ. ಯಂತ್ರದಂತೆಯೇ ಚೀಲವನ್ನು ಸುತ್ತಲಿಂದಲೂ ಚಿತ್ರಿಸುವ ಯಂತ್ರಗಳು ಬಂದಿವೆ. ಅವುಗಳನ್ನು ನಂಬಿ 2023ರಲ್ಲಿ ಬ್ರಿಟನ್ನಿನ ಟೀಸೈಡ್, ಲಂಡನ್ ಸಿಟಿ ನಿಲ್ದಾಣಗಳು ಎರಡು ಲೀಟರಿನವರೆಗೆ ದ್ರವಕ್ಕೆ ಅನುಮತಿಯಿತ್ತವು. ಜನ ಸಂತೋಷಪಟ್ಟರು. 2024ರ ಜೂನಿನಲ್ಲಿ ಸರ್ಕಾರ ಅದೇ ಯಂತ್ರಗಳಿದ್ದ ನಿಲ್ದಾಣಗಳಲ್ಲಿಯೇ 100 ಮಿಲಿಲೀಟರನ್ನು ಮತ್ತೆ ಜಾರಿಗೆ ತಂದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಐರೋಪ್ಯ ಒಕ್ಕೂಟವೂ ಅದೇ ದಾರಿ ಹಿಡಿಯಿತು. 2025ರ ಜುಲೈನಲ್ಲಿ ಎಡಿನ್‌ಬರೊ ನಿಲ್ದಾಣದಲ್ಲಿ ಮತ್ತೆ ಎರಡು ಲೀಟರು! ಹೋಗುವಾಗ ತುಂಬಿದ ಸೀಸೆಯೊಡನೆ ಹೊರಟ ಪ್ರಯಾಣಿಕ, ಬರುವಾಗ ಹಳೆಯ ಯಂತ್ರವಿರುವ ಊರಿನಿಂದ ಬಂದರೆ, ಅದೇ ಸೀಸೆಯನ್ನು ಅಲ್ಲಿ ಬಿಟ್ಟು ಬರಬೇಕಾಗುತ್ತದೆ. ಸೀಸೆ ಬದಲಾಗಿಲ್ಲ, ಮನುಷ್ಯ ಬದಲಾಗಿಲ್ಲ.

ಬೆಂಕಿಯ ವಿಚಾರ ಇನ್ನೂ ಸ್ವಾರಸ್ಯ. 2001ರ ಡಿಸೆಂಬರ್ 22ರಂದು ಪ್ಯಾರಿಸ್ಸಿನಿಂದ ಮಯಾಮಿಗೆ ಹೋಗುತ್ತಿದ್ದ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬವನು ಬೂಟಿನೊಳಗೆ ಅಡಗಿಸಿದ್ದ ಮದ್ದಿಗೆ ಬೆಂಕಿ ಹಚ್ಚಲು ಹವಣಿಸಿ ಸಹಪ್ರಯಾಣಿಕರ ಕೈಗೆ ಸಿಕ್ಕಿಬಿದ್ದ. ಅವನು ಬಳಸಿದ್ದು ಬೆಂಕಿಕಡ್ಡಿ. ಅಮೆರಿಕದವರು 2005ರ ಏಪ್ರಿಲಿನಿಂದ 2007ರ ಆಗಸ್ಟಿನವರೆಗೆ ನಿಷೇಧಿಸಿದ್ದು ಸಿಗರೇಟು ಹಚ್ಚುವ ಲೈಟರನ್ನು; ಬೆಂಕಿಕಡ್ಡಿಯನ್ನು ಕೊಂಡೊಯ್ಯಲು ಆಗಲೂ ಬಿಟ್ಟಿದ್ದರು! ಬೂಟು ಬಿಚ್ಚಿಸುವುದನ್ನು ಕಡ್ಡಾಯ ಮಾಡಿದ್ದು ರೀಡನ ಪ್ರಕರಣವಾಗಿ ನಾಲ್ಕೂವರೆ ವರ್ಷ ಕಳೆದ ಮೇಲೆ, 2006ರಲ್ಲಿ. ಕೈಬಿಟ್ಟದ್ದು 2025ರ ಜುಲೈನಲ್ಲಿ. ಈ ನಡುವೆ ಎಷ್ಟು ಕೋಟಿ ಜನರ ಕಾಲುಚೀಲದ ತೂತುಗಳು ಲೋಕಕ್ಕೆ ಪ್ರಕಟವಾದವೋ! ನಮ್ಮ ದೇಶದಲ್ಲಿ ಲೈಟರೂ ಇಲ್ಲ, ಬೆಂಕಿಪೆಟ್ಟಿಗೆಯೂ ಇಲ್ಲ. ಈ ಒಂದು ವಿಷಯದಲ್ಲಿ ನಮ್ಮ ನಿಯಮ ನೇರವಾದದ್ದೆಂದು ಅಭಿಮಾನದಿಂದಲೇ ಹೇಳಬೇಕು.

ಹರಿತದ ವಸ್ತುಗಳ ಮಾತು. 2001ರ ಸೆಪ್ಟೆಂಬರ್ 11ಕ್ಕೆ ಮೊದಲು ನಾಲ್ಕು ಅಂಗುಲಕ್ಕಿಂತ ಕಡಿಮೆ ಅಲಗಿನ ಚಾಕು ಅಮೆರಿಕದ ವಿಮಾನಗಳಲ್ಲಿ ನಿಷಿದ್ಧವಾಗಿರಲಿಲ್ಲ. ಆಮೇಲೆ ಉಗುರು ಕತ್ತರಿಯನ್ನೂ ಹಿಡಿಯುವ ಕಾಲ ಬಂದಿತು. 2005ರ ಡಿಸೆಂಬರಿನಲ್ಲಿ ನಾಲ್ಕು ಅಂಗುಲದೊಳಗಿನ ಕತ್ತರಿಗೆ ಮತ್ತೆ ಪ್ರವೇಶ. 2013ರ ಮಾರ್ಚಿನಲ್ಲಿ ಪುಟ್ಟ ಚಾಕುಗಳಿಗೂ ಅನುಮತಿ ಕೊಡುವೆವೆಂದರು, ಗಗನಸಖಿಯರು ಪ್ರತಿಭಟಿಸಿದರು, ಜೂನಿನಲ್ಲಿ ಹಿಂದೆಗೆದುಕೊಂಡರು. ಐರೋಪ್ಯರಿಗೆ ಕತ್ತರಿಯ ಅಲಗು ಆರು ಸೆಂಟಿಮೀಟರು ಮೀರಬಾರದು. ಎಂಟು ಸೆಂಟಿಮೀಟರಿನ ಕತ್ತರಿ ನ್ಯೂಯಾರ್ಕಿನಲ್ಲಿ ಹೊಲಿಗೆಯ ಸಾಧನ, ಪ್ಯಾರಿಸ್ಸಿನಲ್ಲಿ ಆಯುಧ. ಝಡತಿ ದಾಟಿ ಒಳಗೆ ಹೋದರೆ ಅಂಗಡಿಗಳಲ್ಲಿ ಗಾಜಿನ ಸೀಸೆಗಳು ಸಾಲಾಗಿ ನಿಂತಿರುತ್ತವೆ. ಒಡೆದ ಗಾಜು ನನ್ನ ಅಡಕತ್ತರಿಗಿಂತ ಸೌಮ್ಯವೆಂದು ಯಾವ ತಜ್ಞರು ತೀರ್ಮಾನಿಸಿದರೋ!

ಅಪವಾದಗಳಿಲ್ಲದ ನಿಯಮ ಉಂಟೆ? ನಮ್ಮಲ್ಲಿ ಸಿಖ್ ಪ್ರಯಾಣಿಕರು ದೇಶದೊಳಗಿನ ಯಾನಗಳಲ್ಲಿ ಅಲಗು ಆರು ಅಂಗುಲ, ಒಟ್ಟು ಉದ್ದ ಒಂಬತ್ತು ಅಂಗುಲ ಮೀರದ ಕೃಪಾಣವನ್ನು ಧರಿಸಬಹುದು. ಶಬರಿಮಲೆಗೆ ಹೋಗುವ ಅಯ್ಯಪ್ಪ ಭಕ್ತರ ಇರುಮುಡಿಯಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಇರಲೇಬೇಕು. ತೆಂಗಿನಕಾಯಿ ವಿಮಾನದ ಒಳಗೆ ಕೂಡದು. ಆ ಕಾಯಿಯಿಲ್ಲದೆ ಇರುಮುಡಿಯೇ ಇಲ್ಲ. 2024ರ ಅಕ್ಟೋಬರಿನಲ್ಲಿ ಸರ್ಕಾರ ಮನಸ್ಸು ಕರಗಿ, ಕ್ಷ-ಕಿರಣ, ಸ್ಫೋಟಕ ಪರೀಕ್ಷೆ, ಕೈತಪಾಸಣೆ ಮೂರನ್ನೂ ದಾಟಿದ ಇರುಮುಡಿಯ ಕಾಯಿಯನ್ನು ಭಕ್ತರು ಜೊತೆಯಲ್ಲೇ ಒಯ್ಯಬಹುದೆಂದು ಆಜ್ಞೆ ಮಾಡಿತು. ಅವಧಿ 2025ರ ಜನವರಿ 20ರವರೆಗೆ. ಮಕರಜ್ಯೋತಿ ಕಳೆದ ಕೆಲವು ದಿನಗಳಿಗೆ ಕಾಯಿ ಮತ್ತೆ ಅಪಾಯಕಾರಿಯಾಯಿತು. ನಗಬೇಡಿ. ಒಳಗಿರುವುದನ್ನು ಮೂರು ಬಾರಿ ನೋಡಿ ತಿಳಿದುಕೊಂಡ ಮೇಲೆ ಬಿಡುವುದು ವಿವೇಕವೇ. ಆ ವಿವೇಕ ಜನವರಿ 21ರಂದು ರಜೆ ಹೋಗುವುದೇಕೆಂಬುದಷ್ಟೆ ನನ್ನ ಪ್ರಶ್ನೆ. ಒಣ ಕೊಬ್ಬರಿಯದು ಬೇರೆ ಕಥೆ. ಎಣ್ಣೆ ತುಂಬಿದ ಆ ಪದಾರ್ಥ ರಾಶಿಯಲ್ಲಿ ತಾನಾಗಿಯೇ ಕಾಯ್ದು ಹೊತ್ತಿಕೊಳ್ಳಬಲ್ಲದೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೇ ಅದಕ್ಕೆ ಅಪಾಯದ ಸಂಖ್ಯೆಯೊಂದಿದೆ. ತಿಪಟೂರಿನವರು ಇದನ್ನು ಕೇಳಿ ನೊಂದುಕೊಳ್ಳಬಾರದು. ನಮ್ಮ ಅಂಟಿನುಂಡೆಯಲ್ಲಿ ತುರಿದು ಸೇರಿಸಿದ್ದ ತಿಪಟೂರಿನ ಕೊಬ್ಬರಿ ಯಾರ ಕಣ್ಣಿಗೂ ಬೀಳದೆ ಡಾಲಸ್ ತಲುಪಿತು.

ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ ಹಾಕಿ ಎಂಬ ಮಾತಿಗೆ ಒಗ್ಗಿಕೊಂಡವರು ಪವರ್ ಬ್ಯಾಂಕಿನ ಮುಂದೆ ತಬ್ಬಿಬ್ಬಾಗುತ್ತಾರೆ. ಅದು ತಲೆಕೆಳಗು: ದೊಡ್ಡ ಪೆಟ್ಟಿಗೆಯಲ್ಲಿ ಕೂಡದು, ಕೈಯಲ್ಲಿಯೇ ಇರಬೇಕು. ಇದಕ್ಕೆ ಮಾತ್ರ ನಿಚ್ಚಳವಾದ ಕಾರಣವಿದೆ. ಲಿಥಿಯಂ ಕೋಶ ಕೆರಳಿ ಹೊತ್ತಿಕೊಂಡರೆ ಜನರಿರುವ ಕಡೆ ಯಾರಾದರೂ ನೋಡಿ ನಂದಿಸಬಹುದು. ಸಾಮಾನಿನ ಕೋಣೆಯಲ್ಲಿ ನೋಡುವವರಿಲ್ಲ. ಮಿತಿ 100 ವಾಟ್-ಗಂಟೆ. ಡಬ್ಬಿಯ ಮೇಲಿರುವುದು ಇನ್ನೊಂದು ಲೆಕ್ಕವಾದ್ದರಿಂದ ವಾಚಕರು ಹೀಗೆ ಗುಣಿಸಿಕೊಳ್ಳಬಹುದು: 20,000 ಮಿಲಿ ಆಂಪಿಯರ್-ಗಂಟೆ ಎಂದಿದ್ದರೆ 20ನ್ನು ಕೋಶದ 3.7 ವೋಲ್ಟಿನಿಂದ ಗುಣಿಸಿ. 74 ಬರುತ್ತದೆ, ಭಯವಿಲ್ಲ. 100ರಿಂದ 160ರವರೆಗೆ ವಿಮಾನದ ಕಂಪನಿಯ ಒಪ್ಪಿಗೆ ಬೇಕು, ಮೇಲೆ ಇಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬೂಸಾನ್ ನಗರದಲ್ಲಿ ಹೊರಡಲು ನಿಂತಿದ್ದ ವಿಮಾನವೊಂದು ಹೊತ್ತಿ ಉರಿಯಿತು, ಒಳಗಿದ್ದವರೆಲ್ಲ ಪಾರಾದರು. ಪವರ್ ಬ್ಯಾಂಕು ಕಾರಣವಾಗಿರಬಹುದೆಂದು ತನಿಖೆಯವರು ಅಭಿಪ್ರಾಯಪಟ್ಟರು. ಮಾರ್ಚಿನಿಂದ ಆ ದೇಶದವರು ಅದನ್ನು ತಲೆಯ ಮೇಲಿನ ಗೂಡಿನಲ್ಲಿಯೂ ಇಡಕೂಡದೆಂದರು. ಜೂನಿನಲ್ಲಿ ಚೀನಾ ತನ್ನ ಮುದ್ರೆಯಿಲ್ಲದ ಪವರ್ ಬ್ಯಾಂಕುಗಳನ್ನು ಒಳನಾಡಿನ ವಿಮಾನಗಳಿಂದ ಹೊರಗಿಟ್ಟಿತು. ಹೀಗೆ ದೇಶಕ್ಕೊಂದು ಪದ್ಧತಿ ಮತ್ತೆ ಮೊದಲಾಗಿದೆ.

ನಿಮ್ಮ ಅಡಕತ್ತರಿ ಹೋಯಿತೆಂದು ಇಷ್ಟೆಲ್ಲ ಬರೆಯುತ್ತಿದ್ದೀರಿ ಎಂದು ಯಾರಾದರೂ ಅನ್ನಬಹುದು. ಮೇಜಿನ ಹಿಂದೆ ನಿಂತವರ ಮೇಲೆ ನನಗೆ ದ್ವೇಷವಿಲ್ಲ. ದಿನಕ್ಕೆ ಸಾವಿರಾರು ಚೀಲಗಳ ನೆರಳನ್ನು ನೋಡುತ್ತ, ನೂರು ಮಂದಿಯ ಗೊಣಗಾಟ ಕೇಳುತ್ತ, ತಪ್ಪಿದರೆ ಕೆಲಸವೇ ಹೋಗುವ ಸ್ಥಿತಿಯಲ್ಲಿ ಅವರಿದ್ದಾರೆ. ಬರೆದಿಟ್ಟದ್ದರ ಜೊತೆಗೆ ಕೊನೆಯ ಮಾತು ಅಧಿಕಾರಿಯದೇ ಎಂಬ ವಾಕ್ಯವೂ ಬಹಳ ಕಡೆ ಇರುತ್ತದೆ. ನಮ್ಮೂರಿನ ಮೇಜಿನಲ್ಲಿ ಆ ವಾಕ್ಯ ನಮ್ಮನ್ನು ಕಾಯಿತು. ಆದರೆ ಅದು ಎರಡೂ ಕಡೆ ಹರಿಯುವ ಕತ್ತಿ. ಒಂಬತ್ತು ಗಂಟೆಯ ಅನಂತರ ಅದರ ಇನ್ನೊಂದು ಅಂಚನ್ನು ನೋಡಿದೆವು.

ವಿಮಾನ ಬದಲಾಯಿಸಬೇಕಾಗಿದ್ದ ಐರೋಪ್ಯ ನಗರದ ನಿಲ್ದಾಣದಲ್ಲಿ ಮತ್ತೊಮ್ಮೆ ಝಡತಿ. ಎತ್ತರದ ಯುವಕನೊಬ್ಬ ಭರಣಿಯನ್ನು ಹೊರತೆಗೆದು ಬೆಳಕಿಗೆ ಹಿಡಿದ. “ದ್ರವ” ಎಂದ.

“ದ್ರವವಲ್ಲ, ಲೇಹ್ಯ” ಎಂದಳು ನನ್ನಾಕೆ, ಕನ್ನಡದಲ್ಲಿಯೇ. ನಾನು ಇಂಗ್ಲಿಷಿಗೆ ತಿರುಗಿಸಲು ಹೊರಟೆ. ಆ ಪದಕ್ಕೆ ಅವರಲ್ಲಿ ಮಾತಿಲ್ಲ. ಭರಣಿಯನ್ನು ತಲೆಕೆಳಗು ಮಾಡಿ, ಸುರಿಯುವುದಿಲ್ಲವೆಂದು ತೋರಿಸಿದೆ. ಅವನು ಚಮಚದಿಂದ ಸವರುವಂತೆ ಅಭಿನಯಿಸಿ, “ಸವರಬಹುದಲ್ಲವೆ?” ಎಂದ. ಸವರಬಹುದಾದದ್ದು ನಿಜ. ಔಷಧವೆಂದೆ. ಔಷಧಕ್ಕೆ ರಿಯಾಯಿತಿಯುಂಟು, ವೈದ್ಯರ ಚೀಟಿ ಎಲ್ಲಿ ಎಂದು ಕೇಳಿದ. ವೈದ್ಯರಿಗೆ 84 ವರ್ಷ, ಅವರು ಚೀಟಿ ಬರೆಯುವುದಿಲ್ಲ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವನು ಒರಟನೇನೂ ಅಲ್ಲ. ಎರಡು ಸಲ “ಕ್ಷಮಿಸಿ” ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ನೂರು ಮಿಲಿಲೀಟರಿನ ಡಬ್ಬಿಗಳಲ್ಲಿದ್ದರೆ ನನ್ನ ತಕರಾರಿಲ್ಲ” ಎಂದು ಸೇರಿಸಿದ.

ನನ್ನಾಕೆಗೆ ಅಷ್ಟು ಇಂಗ್ಲಿಷು ಬರುತ್ತದೆ. ಅವಳು ಭರಣಿಯನ್ನು ಅವನ ಕೈಯಿಂದ ತೆಗೆದುಕೊಂಡು ಸಾಲಿನಿಂದ ಹಿಂದೆ ಸರಿದಳು. ಬದಿಯ ಬೆಂಚಿನ ಮೇಲೆ ಕುಳಿತು ತನ್ನ ಪಾರದರ್ಶಕ ಚೀಲವನ್ನು ಬಿಚ್ಚಿದಳು. ಮಗಳು ಕಳೆದ ವರ್ಷ ಕಳಿಸಿದ್ದ ಮುಖಕ್ಕೆ ಹಚ್ಚುವ ಕ್ರೀಮು, ಮಂಡಿನೋವಿನ ಮುಲಾಮು, ತಲೆಗೆ ಹಾಕುವ ಎಣ್ಣೆ, ಇನ್ನೊಂದು ಏನೋ ಡಬ್ಬಿ, ಒಟ್ಟು ನಾಲ್ಕು. ಎಲ್ಲವನ್ನೂ ತೆಗೆದುಕೊಂಡು ಹೆಂಗಸರ ಬಚ್ಚಲಿಗೆ ಹೋದಳು. ಹಿಂದಿರುಗಿದಾಗ ನಾಲ್ಕು ಡಬ್ಬಿಗಳೂ ತೊಳೆದು ಒರಸಿ ಒಣಗಿದ್ದವು. “ಮಂಡಿಗೆ ಏನು ಮಾಡ್ತೀಯೆ?” ಎಂದೆ. “ಸುಮ್ಮನೆ ಹಿಡಿದುಕೊಳ್ಳಿ ರೀ” ಎಂದಳು.

ವಿಮಾನದಲ್ಲಿ ಕೊಟ್ಟಿದ್ದ ಚಮಚ ನನ್ನ ಜೇಬಿನಲ್ಲಿತ್ತು. ಅದು ಹೇಗೆ ಬಂದಿತ್ತೆಂದು ವಾಚಕರು ಕೇಳಬಾರದು. ಅದರಿಂದ ನಾಲ್ಕು ಡಬ್ಬಿಗಳನ್ನೂ ಅಂಚಿನವರೆಗೆ ಒತ್ತಿ ಒತ್ತಿ ತುಂಬಿದಳು. ಇನ್ನೂ ಭರಣಿಯಲ್ಲಿ ಮೂರನೆಯ ಒಂದು ಪಾಲು ಉಳಿದಿತ್ತು. ತೊಟ್ಟಿ ಹತ್ತಿರದಲ್ಲಿಯೇ ಇತ್ತು. ಅವಳು ಅದರ ಕಡೆ ನೋಡಲೂ ಇಲ್ಲ. ಚಮಚವನ್ನು ನನ್ನ ಕೈಗಿತ್ತು, “ತಿನ್ನಿ” ಎಂದಳು.

“ನಾನೇ? ಬಾಣಂತಿ ಲೇಹ್ಯವನ್ನೇ?”

“ಅಮ್ಮ ಎರಡು ದಿನ ಒಲೆ ಮುಂದೆ ಕೂತಿದ್ದರು. ಕಸಕ್ಕೆ ಹಾಕೋಕಾಗುತ್ತಾ? ತಿನ್ನಿ.”

ತಿಂದೆ. ಅವಳೂ ತಿಂದಳು. ಮೊದಲ ಚಮಚಕ್ಕೆ ಹಿಪ್ಪಲಿಯ ಖಾರ ಮೂಗಿಗೇರಿತು, ಆರನೆಯದಕ್ಕೆ ಕಿವಿ ಬಿಸಿಯಾಯಿತು. ಒಂಬತ್ತನೆಯದನ್ನು ನುಂಗುತ್ತಿದ್ದಾಗ ಆ ಯುವಕ ಈ ಕಡೆ ನೋಡಿದ. ನಾವು ತಿನ್ನುತ್ತಿರುವುದು ಸಿಡಿಮದ್ದಲ್ಲವೆಂದು ಅವನಿಗೆ ಆಗ ಖಚಿತವಾಗಿರಬೇಕು. ಭರಣಿಯ ತಳವನ್ನು ನನ್ನಾಕೆ ಬೆರಳಿನಿಂದ ಬಳಿದಳು. ನಾಲ್ಕು ಡಬ್ಬಿಗಳು ಒಂದು ಚೀಲದಲ್ಲಿ ಕುಳಿತು ಮೇಜನ್ನು ದಾಟಿದವು. ಬೆಳಗ್ಗೆ ದ್ರವವಾಗಿದ್ದದ್ದು ಮಧ್ಯಾಹ್ನವೂ ದ್ರವವೇ. ಆದರೆ ಈಗ ಅದಕ್ಕೆ ಪರವಾನಗಿ ಇತ್ತು. ಬರಿದಾದ ಭರಣಿಯೂ ತಡೆಯಿಲ್ಲದೆ ಹಿಂದಿನಿಂದ ಬಂದಿತು.

ಡಾಲಸ್ ತಲುಪುವವರೆಗೆ ನನಗೆ ಹೊಟ್ಟೆಯಲ್ಲಿ ಸಣ್ಣದೊಂದು ಒಲೆ ಉರಿಯುತ್ತಿತ್ತು. ವಿಮಾನದಲ್ಲಿ ಪಕ್ಕದವರು ಕಂಬಳಿ ಹೊದ್ದು ನಡುಗುತ್ತಿದ್ದರೆ ನಾನು ಕೋಟು ಬಿಚ್ಚಿ ಬೆವರುತ್ತಿದ್ದೆ.

ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ನಾಲ್ಕು ಡಬ್ಬಿ ಲೇಹ್ಯ ಮೂರು ವಾರ ಬಂದಿತು. ಮಗಳು ಕೊನೆಯ ಡಬ್ಬಿ ತೆರೆದ ದಿನ ಊರಿನಿಂದ ಅತ್ತೆಯವರ ಟೆಲಿಫೋನು. ಅವರಿಗೆ ಕಿವಿ ಮಂದ. ನನ್ನಾಕೆ ಕೂಗಿ ಮಾತನಾಡುತ್ತಿದ್ದುದರಿಂದ ನಮಗೆಲ್ಲ ಕೇಳಿಸಿತು.

“ಲೇಹ್ಯ ಸಾಕಾಯಿತೇನೇ?” ಎಂದರು ಅತ್ತೆಯವರು.

“ಸಾಕಾಯಿತಮ್ಮ. ಎಲ್ಲರಿಗೂ ಆಯಿತು.”

“ಎಲ್ಲರಿಗೂ ಎಂದರೆ?”

ನನ್ನಾಕೆ ಒಂದು ಕ್ಷಣ ನನ್ನ ಕಡೆ ನೋಡಿದಳು. “ಇವರೂ ತಿಂದರು” ಎಂದಳು.

ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಅತ್ತೆಯವರು ಗಂಭೀರವಾಗಿ, “ಹಾಗಾದರೆ ಅಳಿಯಂದಿರಿಗೆ ಇನ್ನು ಮೂರು ತಿಂಗಳು ತಣ್ಣೀರು ಸ್ನಾನ ಮಾಡಿಸಬೇಡ” ಎಂದರು.